ಸಿಹಿನೀರಿನ ಮೀನು ಮತ್ತು ರೋಗನಿರೋಧಕ ವಂಶವಾಹಿಗಳ ವೈವಿಧ್ಯ

ಬ್ರಿಸ್ಬೇನ್ ನಗರದ ಸೇಂಟ್ ಲೂಸಿಯಾ ಬಡಾವಣೆಯನ್ನು ಬ್ರಿಸ್ಬೇನ್ ನದಿಯು ದೊಡ್ಡದೊಂದು ತಿರುವಿನಲ್ಲಿ ಬಳಸಿಕೊಂಡು ಹರಿಯುತ್ತದೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮುಖ್ಯ ಆವರಣ ಇರುವುದು ಇದೇ ತಿರುವಿನ ಒಳಗೆ. ಸಮುದ್ರದ ಉಬ್ಬರವಿಳಿತ ಇಲ್ಲಿಯವರೆಗೂ ತಲುಪುವುದರಿಂದ ಆವರಣದ ಅಂಚಿನ ನೀರು ಉಪ್ಪುಮಿಶ್ರಿತವಾದದ್ದು. ಸಿಹಿನೀರಿನ ಮೀನನ್ನು ಕಾಣಬೇಕಾದರೆ ನದಿಯ ಮೇಲ್ಭಾಗಕ್ಕೆ ಹೋಗಬೇಕು. ಅಲ್ಲಿ ಒಂದು ಕಾಲಕ್ಕೆ ಈ ನದಿಯದೇ ಆದ ಕಾಡ್ ಮೀನು ಇತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅದು ಇಲ್ಲವಾಯಿತು. ಇಂದು ಆ ಭಾಗದ ಜಲಾಶಯಗಳಲ್ಲಿ ಗಾಳಕ್ಕೆ ಸಿಗುವ ಕಾಡ್, ಉತ್ತರದ ಮೇರಿ ನದಿಯ ತಳಿಯನ್ನು ತೊಟ್ಟಿಗಳಲ್ಲಿ ಮರಿ ಮಾಡಿಸಿ ತಂದು ಬಿಟ್ಟದ್ದು. ಮೇರಿ ನದಿಯ ಕಾಡ್ ಕೂಡ ಅಳಿವಿನಂಚಿನ ಪ್ರಭೇದವೇ.

ಇದೇ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಪಶುವೈದ್ಯ ಪದವಿ ಪಡೆದ ಬ್ರಿಸ್ಬೇನ್ ಸಂಜಾತ ಪೀಟರ್ ಡೊಹರ್ಟಿ, ಮುಂದೆ ಕ್ಯಾನ್ಬೆರಾದ ಜಾನ್ ಕರ್ಟಿನ್ ಸಂಶೋಧನಾಲಯದಲ್ಲಿ ಸ್ವಿಟ್ಜರ್ಲೆಂಡಿನ ರಾಲ್ಫ್ ಜಿಂಕರ್‌ನಾಗೆಲ್ ಅವರೊಡನೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಗೆ 1996ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ವೈರಾಣು ಹೊಕ್ಕ ಜೀವಕೋಶವನ್ನು ದೇಹದ ಕಾವಲು ಕೋಶಗಳು ಹೇಗೆ ಗುರುತಿಸುತ್ತವೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಕ್ಕೆ ಸಿಕ್ಕ ಉತ್ತರ ಅಂಗಾಂಗ ಕಸಿ, ಲಸಿಕೆ, ಕ್ಯಾನ್ಸರ್ ಚಿಕಿತ್ಸೆಗಳನ್ನು ದಾಟಿ, ಇಂದು ವನ್ಯಜೀವಿ ಸಂರಕ್ಷಣೆಯ ಅಂಗಳಕ್ಕೂ ಬಂದು ನಿಂತಿದೆ. ನಾಶದ ಅಂಚಿನಲ್ಲಿರುವ ಮೀನಿನ ಕೆಲವೇ ಪ್ರತಿನಿಧಿಗಳನ್ನು ಹಿಡಿದು ಮರಿ ಮಾಡಿಸುವಾಗ ರೋಗನಿರೋಧಕ ವಂಶವಾಹಿಗಳ ವೈವಿಧ್ಯಕ್ಕೆ ವಿಶೇಷ ಮನ್ನಣೆ ಕೊಡಬೇಕೇ, ಅಥವಾ ಇಡೀ ವಂಶವಾಹಿ ಸಂಪತ್ತನ್ನು ಒಟ್ಟಾಗಿ ಕಾಯಬೇಕೇ? ಕೇಳಲು ಇದು ಪ್ರಯೋಗಾಲಯದ ಪ್ರಶ್ನೆಯಂತಿದೆ. ಆದರೆ ಯಾವ ಮೀನಿಗೆ ಯಾವ ಮೀನನ್ನು ಜೊತೆಗೂಡಿಸಬೇಕು, ಯಾವ ತೊರೆಗೆ ಎಲ್ಲಿಯ ಮರಿಯನ್ನು ಬಿಡಬೇಕು ಎಂಬ ತೀರ್ಮಾನಗಳೆಲ್ಲ ಇದರ ಮೇಲೆಯೇ ನಿಂತಿವೆ. ಒಮ್ಮೆ ಬಿಟ್ಟ ಮರಿಗಳನ್ನು ನದಿಯಿಂದ ಹಿಂದಕ್ಕೆ ಪಡೆಯಲು ಬರುವುದಿಲ್ಲ.

ಎಂಎಚ್‌ಸಿ ಎಂಬ ತಟ್ಟೆ

ಬೆನ್ನೆಲುಬುಳ್ಳ ಪ್ರಾಣಿಗಳ ಬಹುತೇಕ ಎಲ್ಲ ಜೀವಕೋಶಗಳೂ ತಮ್ಮೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಸಣ್ಣ ತುಣುಕುಗಳನ್ನು ಹೊರಮೈಯಲ್ಲಿ ಸದಾ ಪ್ರದರ್ಶಿಸುತ್ತಿರುತ್ತವೆ. ಆ ತುಣುಕನ್ನು ಹಿಡಿದೆತ್ತಿ ತೋರುವ ತಟ್ಟೆಯೇ ಎಂಎಚ್‌ಸಿ ಅಣು. ಪಹರೆ ತಿರುಗುವ ಟಿ ಕೋಶಗಳು ತಟ್ಟೆಯನ್ನೂ ಅದರ ಮೇಲಿನ ತುಣುಕನ್ನೂ ಒಟ್ಟಿಗೆ ಪರೀಕ್ಷಿಸುತ್ತವೆ. ಸ್ವಂತದ ತುಣುಕಾದರೆ ಮುಂದೆ ಸಾಗುತ್ತವೆ. ಪರಕೀಯವಾದರೆ ಆ ಕೋಶವನ್ನು ಕೊಲ್ಲುತ್ತವೆ. ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ ತೋರಿಸಿಕೊಟ್ಟದ್ದು ಇದನ್ನೇ: ವೈರಾಣುವನ್ನು ಮಾತ್ರ ಕಂಡರೆ ಸಾಲದು, ಅದನ್ನು ತನ್ನದೇ ತಟ್ಟೆಯಲ್ಲಿಟ್ಟು ಕೊಟ್ಟಾಗ ಮಾತ್ರ ಟಿ ಕೋಶಕ್ಕೆ ಅದು ಕಾಣುತ್ತದೆ. ಇದು ಮೊದಲ ವರ್ಗದ ಎಂಎಚ್‌ಸಿಯ ಕೆಲಸ. ಎರಡನೆಯ ವರ್ಗದ ಅಣುಗಳು ಕೆಲವೇ ವಿಶೇಷ ಕೋಶಗಳಲ್ಲಿದ್ದು, ಹೊರಗಿನಿಂದ ನುಂಗಿದ ಬ್ಯಾಕ್ಟೀರಿಯ ಮತ್ತು ಪರಾವಲಂಬಿಗಳ ತುಣುಕುಗಳನ್ನು ತೋರಿಸುತ್ತವೆ.

ತಟ್ಟೆಯ ಕುಳಿಯ ಆಕಾರಕ್ಕೆ ಹೊಂದುವ ತುಣುಕು ಮಾತ್ರ ಅದರಲ್ಲಿ ಕೂರುತ್ತದೆ. ಆದ್ದರಿಂದ ಒಂದೇ ಬಗೆಯ ತಟ್ಟೆ ಇರುವ ಪ್ರಾಣಿಗೆ ಕೆಲವು ರೋಗಾಣುಗಳು ಬಹುಮಟ್ಟಿಗೆ ಅಗೋಚರವಾಗಿಯೇ ಉಳಿಯಬಹುದು. ಪ್ರಕೃತಿಯ ಪರಿಹಾರ, ಈ ವಂಶವಾಹಿಗಳಲ್ಲಿ ಅಪಾರ ರೂಪಭೇದಗಳನ್ನು ಇರಿಸಿಕೊಳ್ಳುವುದು. ಮನುಷ್ಯರಲ್ಲಿ ಇವಕ್ಕೆ ಎಚ್‌ಎಲ್‌ಎ ಎಂಬ ಹೆಸರು. ಇದುವರೆಗೆ ದಾಖಲಾದ ರೂಪಭೇದಗಳು ಮೂವತ್ತು ಸಾವಿರ ದಾಟಿವೆ. ಮೂತ್ರಪಿಂಡ ಅಥವಾ ಅಸ್ಥಿಮಜ್ಜೆಯ ಕಸಿಗೆ ‘ಹೊಂದಾಣಿಕೆ’ ಹುಡುಕುವುದು ಎಂದರೆ ಮುಖ್ಯವಾಗಿ ಇವುಗಳ ಹೊಂದಾಣಿಕೆ. ಪರದೇಶದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದ ರೋಗಿಗಳಿಗೆ ಯುರೋಪಿಯನ್ ಮೂಲದವರೇ ಹೆಚ್ಚಿರುವ ಮಜ್ಜೆ ದಾನಿಗಳ ಪಟ್ಟಿಯಲ್ಲಿ ಹೊಂದುವ ದಾನಿ ಸಿಗುವುದು ಕಷ್ಟವಾಗುವುದಕ್ಕೂ ಈ ವೈವಿಧ್ಯವೇ ಕಾರಣ. (ಈ ಲೇಖನ ಓದುವವರಲ್ಲಿ ಯಾರಾದರೂ ಇನ್ನೂ ದಾನಿಯಾಗಿ ಹೆಸರು ನೋಂದಾಯಿಸಿರದಿದ್ದರೆ, ಮೀನಿನ ವಿಷಯ ಮುಗಿದ ಮೇಲೆ ಆ ಕೆಲಸ ಮಾಡಬಹುದು.)

ಒಂದೇ ಒಂದು ರೂಪಭೇದ ಎಷ್ಟು ವ್ಯತ್ಯಾಸ ಮಾಡಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯದ್ದೇ ನಿದರ್ಶನವಿದೆ. ಎಚ್‌ಐವಿ ಚಿಕಿತ್ಸೆಯ ಅಬಾಕವಿರ್ ಎಂಬ ಮಾತ್ರೆ ಕೆಲವೇ ರೋಗಿಗಳಲ್ಲಿ ಪ್ರಾಣಾಪಾಯದ ಪ್ರತಿಕ್ರಿಯೆ ಉಂಟುಮಾಡುತ್ತಿತ್ತು. ಆ ರೋಗಿಗಳಲ್ಲಿ ಎಚ್‌ಎಲ್‌ಎ-ಬಿ 5701 ಎಂಬ ರೂಪಭೇದ ಇರುತ್ತದೆಂದು ಪರ್ತ್ ನಗರದ ಸೈಮನ್ ಮಲ್ಲಾಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಈಗ ಆ ಮಾತ್ರೆ ಬರೆಯುವ ಮುನ್ನ ರಕ್ತಪರೀಕ್ಷೆ ಮಾಡುವುದು ವೈದ್ಯರ ವಾಡಿಕೆ. ವಿಚಿತ್ರವೆಂದರೆ ಇದೇ ರೂಪಭೇದ ಉಳ್ಳವರಲ್ಲಿ ಎಚ್‌ಐವಿ ವೈರಾಣು ನಿಧಾನವಾಗಿ ಬೆಳೆಯುವುದೂ ಉಂಟು. ಒಂದು ಕಡೆ ವರ, ಇನ್ನೊಂದು ಕಡೆ ಶಾಪ. ‘ಒಳ್ಳೆಯ ವಂಶವಾಹಿ’ ಎಂದು ಯಾವುದನ್ನಾದರೂ ಆರಿಸಿಕೊಳ್ಳಲು ಹೊರಟವರು ಈ ಉದಾಹರಣೆಯನ್ನು ನೆನಪಿನಲ್ಲಿಡಬೇಕು.

ಮೀನುಗಳಲ್ಲಿಯೂ ವ್ಯವಸ್ಥೆ ಮೂಲತಃ ಇದೇ. ಒಂದು ವ್ಯತ್ಯಾಸವಿದೆ: ನಮ್ಮಲ್ಲಿ ಎರಡೂ ವರ್ಗದ ವಂಶವಾಹಿಗಳು ಆರನೆಯ ವರ್ಣತಂತುವಿನ ಒಂದೇ ಪ್ರದೇಶದಲ್ಲಿ ಒತ್ತಾಗಿದ್ದರೆ, ಎಲುಬುಳ್ಳ ಮೀನುಗಳಲ್ಲಿ ಅವು ಬೇರೆಬೇರೆ ವರ್ಣತಂತುಗಳಲ್ಲಿವೆ. ಅಟ್ಲಾಂಟಿಕ್ ಸಾಗರದ ಕಾಡ್ ಮೀನಿನಲ್ಲಂತೂ ಎರಡನೆಯ ವರ್ಗದ ವ್ಯವಸ್ಥೆಯೇ ಇಲ್ಲವೆಂದು 2011ರಲ್ಲಿ ತಿಳಿದುಬಂದಾಗ ರೋಗನಿರೋಧ ಶಾಸ್ತ್ರದ ಪಠ್ಯಗಳಲ್ಲಿದ್ದ ಕೆಲವು ಖಚಿತ ಮಾತುಗಳು ಸಡಿಲವಾದವು. ಆ ಮೀನು ಮೊದಲ ವರ್ಗದ ವಂಶವಾಹಿಗಳನ್ನು ಅನೇಕ ಪಟ್ಟು ಹೆಚ್ಚಿಸಿಕೊಂಡು ಸಾಗರದಲ್ಲಿ ಬಾಳಿದೆ. (ಮೇಲೆ ಹೇಳಿದ ಮೇರಿ ನದಿಯ ಕಾಡ್‌ಗೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ, ವಸಾಹತುಗಾರರು ತಮ್ಮೂರಿನ ಮೀನಿನ ಹೆಸರನ್ನು ಕಂಡ ಮೀನಿಗೆಲ್ಲ ಇಟ್ಟರು.)

ವೈವಿಧ್ಯ ನಷ್ಟವಾಗುವ ಲೆಕ್ಕ

ದೊಡ್ಡ ಸಮೂಹದಲ್ಲಿ ಈ ವೈವಿಧ್ಯವನ್ನು ರೋಗಾಣುಗಳೇ ಕಾಯುತ್ತವೆ. ಹೆಚ್ಚು ಜನರಲ್ಲಿರುವ ತಟ್ಟೆಯನ್ನು ತಪ್ಪಿಸಿಕೊಳ್ಳುವ ಕಲೆಯನ್ನು ರೋಗಾಣು ಬೇಗ ಕಲಿಯುತ್ತದೆ, ಆಗ ಅಪರೂಪದ ತಟ್ಟೆ ಉಳ್ಳವರು ಬದುಕುತ್ತಾರೆ, ಅಪರೂಪವಾದದ್ದು ಸಾಮಾನ್ಯವಾಗುತ್ತದೆ, ಮತ್ತೆ ಅದರ ಸರದಿ. ತಂದೆಯಿಂದ ಒಂದು, ತಾಯಿಯಿಂದ ಇನ್ನೊಂದು ಬಗೆ ಪಡೆದ ಮೀನಿಗೆ ಎರಡರ ಪ್ರಯೋಜನವೂ ಇದೆ. ಆದರೆ ಸಮೂಹ ಕುಗ್ಗಿದಾಗ ಈ ಆಯ್ಕೆಗಿಂತ ಆಕಸ್ಮಿಕದ ಕೈ ಮೇಲಾಗುತ್ತದೆ. ಯಾವ ಮೀನು ಮೊಟ್ಟೆಯಿಟ್ಟಿತು, ಯಾವುದನ್ನು ಹಕ್ಕಿ ಕೊಂಡೊಯ್ಯಿತು ಎಂಬ ಯದೃಚ್ಛೆಯೇ ವಂಶವಾಹಿಗಳ ಹಣೆಬರಹವನ್ನು ಬರೆಯತೊಡಗುತ್ತದೆ.

ಲೆಕ್ಕವನ್ನು ಬಿಡಿಸಿ ನೋಡೋಣ. ಒಂದು ರೂಪಭೇದ ಸಮೂಹದಲ್ಲಿ ಶೇಕಡ 5ರ ಪ್ರಮಾಣದಲ್ಲಿದೆ ಎಂದಿಟ್ಟುಕೊಳ್ಳಿ. ಹತ್ತು ಮೀನುಗಳನ್ನು ಹಿಡಿದು ತಂದರೆ ಅವುಗಳಲ್ಲಿ ಆ ವಂಶವಾಹಿಯ ಇಪ್ಪತ್ತು ಪ್ರತಿಗಳಿರುತ್ತವೆ. ಆ ಇಪ್ಪತ್ತರಲ್ಲಿ ನಮ್ಮ ರೂಪಭೇದ ಒಂದೂ ಇಲ್ಲದಿರುವ ಸಂಭವ ಸುಮಾರು ಶೇಕಡ 36. ಮೂವತ್ತು ಮೀನುಗಳನ್ನು ತಂದರೆ ಈ ಸಂಭವ ಶೇಕಡ 5ಕ್ಕಿಂತ ಕೆಳಗಿಳಿಯುತ್ತದೆ. ಎಂಎಚ್‌ಸಿ ವಂಶವಾಹಿಯಲ್ಲಿ ಇಂಥ ಅಪರೂಪದ ರೂಪಭೇದಗಳೇ ಹೆಚ್ಚು. ಸಮಪ್ರಮಾಣದ ಇಪ್ಪತ್ತು ರೂಪಭೇದಗಳಿದ್ದರೆ ಹತ್ತು ಮೀನುಗಳ ಬಲೆಯಲ್ಲಿ ಸರಾಸರಿ ಏಳು ಕೈತಪ್ಪುತ್ತವೆ. ಹಾಗಾಗಿ ಸಮೂಹ ಕುಗ್ಗಿದಾಗ ಬೇರೆ ವಂಶವಾಹಿಗಳಿಗಿಂತ ಈ ವಂಶವಾಹಿಗಳ ವೈವಿಧ್ಯವೇ ಮೊದಲು ಕರಗುವುದನ್ನು ಅನೇಕ ಪ್ರಾಣಿಗಳಲ್ಲಿ ಕಂಡಿದ್ದಾರೆ. ಇದಕ್ಕೆ ಅಪವಾದಗಳೂ ಇವೆ: ಕ್ಯಾಲಿಫೋರ್ನಿಯಾದ ಸಾನ್ ನಿಕೊಲಾಸ್ ದ್ವೀಪದ ಪುಟ್ಟ ನರಿ ಇತರ ಗುರುತುಗಳಲ್ಲಿ ಬಹುತೇಕ ಏಕರೂಪಿಯಾಗಿದ್ದರೂ ಎಂಎಚ್‌ಸಿಯಲ್ಲಿ ವೈವಿಧ್ಯ ಉಳಿಸಿಕೊಂಡದ್ದು 2004ರಲ್ಲಿ ಪ್ರಕಟವಾಯಿತು.

ತಂದ ಮೇಲೂ ನಷ್ಟ ನಿಲ್ಲುವುದಿಲ್ಲ. ವಂಶಾಭಿವೃದ್ಧಿಯಲ್ಲಿ ನಿಜಕ್ಕೂ ಪಾಲುಗೊಳ್ಳುವ ಮೀನುಗಳ ಸಂಖ್ಯೆಯನ್ನು ‘ಪರಿಣಾಮಕಾರಿ ಸಂಖ್ಯೆ’ ಎನ್ನುತ್ತಾರೆ. ಅದು ಹತ್ತಾದರೆ ಪ್ರತಿ ಪೀಳಿಗೆಗೂ ವೈವಿಧ್ಯದ ಶೇಕಡ 5 ಹೋಗುತ್ತದೆ, ಹತ್ತು ಪೀಳಿಗೆಗಳಲ್ಲಿ ಸುಮಾರು ಶೇಕಡ 40. ಐವತ್ತಾದರೆ ಹತ್ತು ಪೀಳಿಗೆಗಳ ನಷ್ಟ ಶೇಕಡ 10ರ ಆಸುಪಾಸು. ತಕ್ಷಣದ ರಕ್ಷಣೆಗೆ ಐವತ್ತು, ದೀರ್ಘಕಾಲಕ್ಕೆ ಐನೂರು ಎಂಬ ಪ್ರಸಿದ್ಧ ಸೂತ್ರವನ್ನು 1980ರಲ್ಲಿ ಮುಂದಿಟ್ಟವರು ಆಸ್ಟ್ರೇಲಿಯದ ಇಯಾನ್ ಫ್ರಾಂಕ್ಲಿನ್. ಅದನ್ನು ನೂರು ಮತ್ತು ಸಾವಿರಕ್ಕೆ ಏರಿಸಬೇಕೆಂದು ಸಿಡ್ನಿಯ ರಿಚರ್ಡ್ ಫ್ರಾಂಕಮ್ ಮತ್ತು ಸಂಗಡಿಗರು 2014ರಲ್ಲಿ ವಾದಿಸಿದರು.

ತೊಟ್ಟಿಯಲ್ಲಿ ಸಾವಿರಾರು ಮರಿಗಳು ಈಜುತ್ತಿರುವುದನ್ನು ಕಂಡು ಸಮಾಧಾನಪಡುವವರು ಗಮನಿಸಬೇಕಾದ ಅಂಶ ಇಲ್ಲಿದೆ. ಒಂಬತ್ತು ಹೆಣ್ಣು ಮೀನುಗಳ ಮೊಟ್ಟೆಗೆ ಒಂದೇ ಗಂಡಿನ ವೀರ್ಯ ಬೆರೆಸಿದರೆ ಮರಿಗಳು ಲಕ್ಷವಿರಲಿ, ಪರಿಣಾಮಕಾರಿ ಸಂಖ್ಯೆ 3.6 ಮಾತ್ರ.

ಅಡಿಲೇಡ್: ಬತ್ತಿದ ಕೆರೆಯ ಮೀನು

ಮರ್ರೆ ನದಿ ಸಮುದ್ರ ಸೇರುವ ಮುನ್ನ ಅಡಿಲೇಡ್ ನಗರದ ಆಗ್ನೇಯಕ್ಕೆ ಅಲೆಕ್ಸಾಂಡ್ರಿನಾ ಎಂಬ ವಿಶಾಲವಾದ ಸರೋವರವಾಗಿ ಹರಡಿಕೊಳ್ಳುತ್ತದೆ. ಅದರ ಅಂಚಿನ ಜೊಂಡು ಮತ್ತು ನೀರಗಿಡಗಳ ನಡುವೆ ಬೆರಳುದ್ದದ ಎರಡು ಮೀನುಗಳು ಬಾಳುತ್ತಿದ್ದವು: ಯಾರಾ ಪಿಗ್ಮಿ ಪರ್ಚ್ ಮತ್ತು ದಕ್ಷಿಣದ ಪಿಗ್ಮಿ ಪರ್ಚ್. 1997ರಿಂದ 2009ರವರೆಗೆ ಆಗ್ನೇಯ ಆಸ್ಟ್ರೇಲಿಯವನ್ನು ಕಾಡಿದ ‘ಸಹಸ್ರಮಾನದ ಬರ’ದ ಕೊನೆಯ ವರ್ಷಗಳಲ್ಲಿ, ಮೇಲ್ಭಾಗದ ನೀರಾವರಿಗೆ ನೀರು ಎಳೆದುಕೊಂಡ ನಂತರ ಉಳಿದದ್ದು ಅತ್ಯಲ್ಪ. 2009ರಲ್ಲಿ ಸರೋವರದ ಮಟ್ಟ ಸಮುದ್ರ ಮಟ್ಟಕ್ಕಿಂತ ಸುಮಾರು ಒಂದು ಮೀಟರ್ ಕೆಳಗಿತ್ತು. ಅಂಚಿನ ಕಾಲುವೆಗಳು ಬಿರುಕುಬಿಟ್ಟ ಮಣ್ಣಾದವು. ಅದಕ್ಕೆ ಸ್ವಲ್ಪ ಮುನ್ನವೇ ಉಳಿದಿದ್ದ ಗುಂಡಿಗಳಿಂದ ಕೈಗೆ ಸಿಕ್ಕಷ್ಟು ಮೀನುಗಳನ್ನು ಹಿಡಿದು ಸಾಗಿಸಲಾಗಿತ್ತು.

ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದಲ್ಲಿ ಲುಸಿಯಾನೊ ಬೆಹೆರೆಗರೆ ಅವರ ತಂಡ ಈ ಮೀನುಗಳ ಡಿಎನ್‌ಎ ಪರೀಕ್ಷಿಸಿ, ಹತ್ತಿರದ ಸಂಬಂಧಿಗಳು ಕೂಡದಂತೆ ಜೋಡಿ ಮಾಡಿಸಿ ಮರಿಗಳನ್ನು ಪಡೆಯಿತು. ನಮ್ಮಲ್ಲಿ ಮದುವೆಗೆ ಗೋತ್ರ ನೋಡುವ ಕ್ರಮ ಇಲ್ಲಿ ಡಿಎನ್‌ಎ ಗುರುತುಗಳ ಆಧಾರದಲ್ಲಿ ನಡೆಯಿತು ಎನ್ನಬಹುದು. ಮಳೆ ಮರಳಿ ಸರೋವರ ತುಂಬಿದ ನಂತರ ಮರಿಗಳನ್ನು ಅವುಗಳ ತವರಿಗೆ ಬಿಡಲಾಯಿತು. ದಕ್ಷಿಣದ ಪಿಗ್ಮಿ ಪರ್ಚ್ ಸಣ್ಣ ಪ್ರಮಾಣದಲ್ಲಿ ನೆಲೆ ಕಂಡುಕೊಂಡಿತು. ಯಾರಾ ಪಿಗ್ಮಿ ಪರ್ಚ್ ನಿಲ್ಲಲಿಲ್ಲ. ವಿಕ್ಟೋರಿಯಾದ ಕರಾವಳಿ ತೊರೆಗಳಲ್ಲಿ ಈ ಪ್ರಭೇದ ಇಂದಿಗೂ ಇದೆ. ಮರ್ರೆ-ಡಾರ್ಲಿಂಗ್ ಜಲಾನಯನದಿಂದ ಮಾತ್ರ ಮರೆಯಾಯಿತು.

ಇದೇ ಪ್ರಯೋಗಾಲಯವೂ ಸೇರಿದಂತೆ ಕೆಲವು ಸಂಶೋಧಕರು 2015ರಲ್ಲಿ ಆಸ್ಟ್ರೇಲಿಯದ ನಾಲ್ಕು ಅಪಾಯಗ್ರಸ್ತ ಸಿಹಿನೀರು ಮೀನುಗಳ ಎರಡನೆಯ ವರ್ಗದ ಎಂಎಚ್‌ಸಿ ವಂಶವಾಹಿಯನ್ನು ಓದಿ ಪ್ರಕಟಿಸಿದರು. ಅಂದರೆ ಅಳೆಯುವ ಸಾಧನ ಈಗ ಕೈಯಲ್ಲಿದೆ. ಅಳೆದದ್ದನ್ನು ಹೇಗೆ ಬಳಸಬೇಕು ಎಂಬುದು ಬೇರೆಯೇ ಪ್ರಶ್ನೆ. ಯಾರಾ ಪಿಗ್ಮಿ ಪರ್ಚ್‌ನ ಕತೆಯಿಂದ ನನಗೆ ತೋರುವುದು ಇಷ್ಟು: ಜೋಡಿಗಳನ್ನು ಎಷ್ಟೇ ಎಚ್ಚರದಿಂದ ಆರಿಸಿದರೂ, ಅಡಗಲು ನೀರಗಿಡಗಳಿಲ್ಲದ, ಬೇಟೆಯಾಡುವ ವಿದೇಶಿ ಮೀನು ತುಂಬಿದ ನೀರಿನಲ್ಲಿ ಪುಟ್ಟ ಮೀನು ನಿಲ್ಲುವುದು ಕಷ್ಟ. ತೀವ್ರನಿಗಾ ಘಟಕದಿಂದ ಗುಣವಾಗಿ ಹೊರಬಂದ ರೋಗಿಯನ್ನು ಅವನಿಗೆ ರೋಗ ತಂದ ಮನೆಗೇ ಕಳುಹಿಸಿದಂತೆ.

ಆ ವಿದೇಶಿ ಬೇಟೆಗಾರ ಮೀನು, ಎಂದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನಿಂದ ಗಾಳದ ಮೋಜಿಗೆ ತಂದ ಕೆಂಪುರೆಕ್ಕೆಯ ಪರ್ಚ್, ರೋಗವನ್ನೂ ಹೊತ್ತು ತಿರುಗುತ್ತದೆ. 1980ರ ದಶಕದ ಮಧ್ಯದಲ್ಲಿ ವಿಕ್ಟೋರಿಯಾದಲ್ಲಿ ಈ ಪರ್ಚ್‌ಗಳು ಸಾಮೂಹಿಕವಾಗಿ ಸತ್ತಾಗ ಅವುಗಳಲ್ಲಿ ರನಾವೈರಸ್ ಬಳಗದ ಹೊಸ ವೈರಾಣುವೊಂದು ಸಿಕ್ಕಿತು. ರಕ್ತಕಣ ತಯಾರಿಸುವ ಊತಕಗಳನ್ನೂ ಪಿತ್ತಜನಕಾಂಗವನ್ನೂ ಅದು ಕೊಳೆಯಿಸುತ್ತದೆ. ಅದೇ ವೈರಾಣುವಿಗೆ ಸ್ಥಳೀಯ ಮ್ಯಾಕ್ವಾರಿ ಪರ್ಚ್ ಅತ್ಯಂತ ಸುಲಭವಾಗಿ ಬಲಿಯಾಗುತ್ತದೆಂದು ಕೆಲವೇ ವರ್ಷಗಳಲ್ಲಿ ಪ್ರಯೋಗಗಳು ತೋರಿಸಿದವು. ಮ್ಯಾಕ್ವಾರಿ ಪರ್ಚ್ ಅಣೆಕಟ್ಟುಗಳಿಂದ ತುಂಡುತುಂಡಾದ ನದಿಗಳಲ್ಲಿ ಚೂರುಚೂರಾಗಿ ಉಳಿದಿರುವ ಅಳಿವಿನಂಚಿನ ಮೀನು. ಪ್ರತಿ ಚೂರೂ ಸಣ್ಣದು; ಪ್ರತಿಯೊಂದರಲ್ಲೂ ಮೇಲೆ ಹೇಳಿದ ಲೆಕ್ಕ ನಡೆಯುತ್ತಲೇ ಇದೆ. ಅವುಗಳನ್ನು ‘ಶುದ್ಧ’ವಾಗಿ ಬೇರೆಬೇರೆ ಇಟ್ಟುಕೊಳ್ಳುವುದಕ್ಕಿಂತ ಬೆರೆಸುವುದೇ ಮೇಲು ಎಂದು ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ವಾದಿಸಿದರು. ಮೀನು ಸಂಪೂರ್ಣವಾಗಿ ಅಳಿದಿದ್ದ ಓವೆನ್ಸ್ ನದಿಗೆ ಡಾರ್ಟ್‌ಮತ್ ಜಲಾಶಯದ ಮತ್ತು ಯಾರಾ ನದಿಯ ಮೀನುಗಳೆರಡನ್ನೂ ಬಿಟ್ಟಾಗ ಅವು ಪರಸ್ಪರ ಕೂಡಿ ಮರಿ ಮಾಡಿದ್ದು ಡಿಎನ್‌ಎ ಪರೀಕ್ಷೆಯಿಂದ ದೃಢಪಟ್ಟಿತು. ವೈದ್ಯನಾಗಿ ನಾನು ಇಲ್ಲಿ ಸೇರಿಸಬೇಕಾದ ಎಚ್ಚರಿಕೆ ಒಂದಿದೆ. ಮೀನನ್ನು ಸಾಗಿಸುವಾಗ ಅದರೊಡನೆ ನೀರೂ ಪರಾವಲಂಬಿಗಳೂ ವೈರಾಣುಗಳೂ ಸಾಗುತ್ತವೆ. ರಕ್ತ ಕೊಡುವ ಮುನ್ನ ಅದನ್ನು ಪರೀಕ್ಷಿಸುವ ಶಿಸ್ತು ಇಲ್ಲಿಯೂ ಬೇಕು.

1991ರ ವಾದ

ಬಂಧನದಲ್ಲಿ ಮರಿ ಮಾಡಿಸುವಾಗ ಎಂಎಚ್‌ಸಿ ವೈವಿಧ್ಯಕ್ಕೆ ಮೊದಲ ಸ್ಥಾನ ಕೊಡಬೇಕು ಎಂಬ ಪ್ರಸ್ತಾಪವನ್ನು ಅಮೆರಿಕದ ಆಸ್ಟಿನ್ ಹ್ಯೂಸ್ 1991ರಲ್ಲಿ ಮುಂದಿಟ್ಟರು. ಡಿಎನ್‌ಎಯ ಬಹುಭಾಗದ ವ್ಯತ್ಯಾಸಗಳು ಲಾಭವೂ ಅಲ್ಲ, ನಷ್ಟವೂ ಅಲ್ಲ. ಪ್ರಕೃತಿಯೇ ಮುತುವರ್ಜಿಯಿಂದ ಕಾದಿಟ್ಟ ವೈವಿಧ್ಯವೆಂದು ಖಚಿತವಾಗಿ ಹೇಳಬಹುದಾದದ್ದು ಎಂಎಚ್‌ಸಿ, ಅದನ್ನೇ ಕಾಯೋಣ ಎಂಬುದು ಅವರ ತರ್ಕ. ಅದೇ ವರ್ಷ ಹಲವರು ವಿರೋಧಿಸಿದರು. ಎಂಎಚ್‌ಸಿಯನ್ನು ನೋಡಿ ಜೋಡಿ ಆರಿಸುತ್ತ ಹೋದರೆ, ಆ ರೂಪಭೇದಗಳು ಇಲ್ಲವೆಂಬ ಕಾರಣಕ್ಕೆ ಎಷ್ಟೋ ಮೀನುಗಳು ಸಂತಾನವಿಲ್ಲದೆ ಉಳಿಯುತ್ತವೆ. ಪರಿಣಾಮಕಾರಿ ಸಂಖ್ಯೆ ಕುಸಿದು, ಉಳಿದ ಸಾವಿರಾರು ವಂಶವಾಹಿಗಳ ವೈವಿಧ್ಯ ಚೆಲ್ಲಿಹೋಗುತ್ತದೆ ಎಂಬುದು ಅವರ ಆಕ್ಷೇಪ. ಮೂವತ್ತು ವರ್ಷಗಳ ನಂತರ ಹಿಂದಿರುಗಿ ನೋಡಿದರೆ ವಿರೋಧಿಗಳ ಮಾತೇ ಹೆಚ್ಚು ತೂಕವುಳ್ಳದ್ದಾಗಿ ಕಾಣುತ್ತದೆ. ರೋಗದೊಡನೆ ಹೋರಾಡುವುದು ಎಂಎಚ್‌ಸಿ ಒಂದೇ ಅಲ್ಲ; ಲೋಳೆಯ ಪದರ, ಜನ್ಮಜಾತ ನಿರೋಧದ ನೂರಾರು ವಂಶವಾಹಿಗಳು, ಮೀನಿನ ಸಾಮಾನ್ಯ ಪುಷ್ಟಿ ಎಲ್ಲವೂ ಅದರಲ್ಲಿ ಪಾಲುದಾರರು.

ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಎಣಿಕೆಯೂ ಸರಿಯಲ್ಲ. ಜರ್ಮನಿಯ ಪ್ಲೋನ್‌ನಲ್ಲಿ ಮೂರುಮುಳ್ಳಿನ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿಗೆ ಮೂರು ಬಗೆಯ ಪರಾವಲಂಬಿಗಳನ್ನು ಸೋಂಕಿಸಿ ನೋಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಅತಿ ಕಡಿಮೆ ರೂಪಭೇದಗಳಿದ್ದ ಮೀನು ಸೋತಿತು. ಅತಿ ಹೆಚ್ಚು ಇದ್ದದ್ದೂ ಗೆಲ್ಲಲಿಲ್ಲ. ಮಧ್ಯಮ ಸಂಖ್ಯೆಯದ್ದರಲ್ಲಿ ಪರಾವಲಂಬಿಗಳು ಅತಿ ಕಡಿಮೆ. ತಟ್ಟೆಗಳ ಬಗೆ ಹೆಚ್ಚಿದಂತೆ ಸ್ವಂತದ ಮೇಲೆಯೇ ಎರಗಬಲ್ಲ ಟಿ ಕೋಶಗಳನ್ನು ದೇಹ ಹೆಚ್ಚುಹೆಚ್ಚಾಗಿ ತೆಗೆದುಹಾಕಬೇಕಾಗುತ್ತದೆ, ಹಾಗಾಗಿ ಕಾವಲಿನವರ ಸಂಖ್ಯೆಯೇ ಕುಗ್ಗುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಬಿಡಿ ಮೀನಿಗೆ ಮಧ್ಯಮ, ಸಮೂಹಕ್ಕೆ ಅಪಾರ. ಹಿತ ಎರಡಕ್ಕೂ ಬೇರೆಬೇರೆ.

ಇನ್ನು, ವೈವಿಧ್ಯದ ಬಲವನ್ನು ಶತ್ರುವಿನ ಕಡೆಯಿಂದಲೂ ನೋಡಬೇಕು. ಆಸ್ಟ್ರೇಲಿಯದ ನದಿಗಳನ್ನು ಕೆಡಿಸಿರುವ ಸಾಮಾನ್ಯ ಗೆಂಡೆ ಮೀನನ್ನು ಹರ್ಪಿಸ್ ಬಳಗದ ವೈರಾಣುವೊಂದನ್ನು ಬಿಟ್ಟು ಕೊಲ್ಲಿಸುವ ಯೋಜನೆಯ ಅಧ್ಯಯನವನ್ನು ಸರ್ಕಾರ 2016ರಲ್ಲಿ ಘೋಷಿಸಿತು. ಆದರೆ ಗೆಂಡೆಯಲ್ಲಿ ಎರಡನೆಯ ವರ್ಗದ ಎಂಎಚ್‌ಸಿಯ ಕೆಲವು ರೂಪಭೇದಗಳು ಅದೇ ವೈರಾಣುವಿನ ವಿರುದ್ಧ ರಕ್ಷಣೆಯೊಡನೆ ತಳುಕು ಹಾಕಿಕೊಂಡಿರುವುದನ್ನು ಯುರೋಪಿನ ಸಂಶೋಧಕರು 2009ರಲ್ಲಿಯೇ ವರದಿ ಮಾಡಿದ್ದರು. ಕೋಟಿಗಟ್ಟಲೆ ಇರುವ ಮೀನಿನಲ್ಲಿ ಇಂಥ ಕೆಲವು ಬದುಕಿ ಮತ್ತೆ ತುಂಬಿಕೊಳ್ಳುತ್ತವೆ. 1950ರಲ್ಲಿ ಮಿಕ್ಸೊಮಾ ವೈರಾಣು ಬಿಟ್ಟ ನಂತರ ಮೊಲಗಳ ವಿಷಯದಲ್ಲಿ ಆದದ್ದೂ ಹೀಗೆಯೇ. ನಾವು ಬೇಡವೆನ್ನುವ ಮೀನಿಗೆ ಈ ಸಂಪತ್ತು ಧಾರಾಳವಾಗಿದೆ. ಬೇಕೆನ್ನುವ ಮೀನಿಗೆ ಇಲ್ಲ.

ಬರ್ನೆಟ್ ನದಿಯಿಂದ ಕಾವೇರಿಗೆ

ಕ್ವೀನ್ಸ್‌ಲ್ಯಾಂಡಿನ ಮೇರಿ ಮತ್ತು ಬರ್ನೆಟ್ ನದಿಗಳು ಶ್ವಾಸಕೋಶದಿಂದಲೂ ಉಸಿರಾಡಬಲ್ಲ ಪುರಾತನ ಲಂಗ್‌ಫಿಶ್‌ನ ತವರು. 1890ರ ದಶಕದಲ್ಲಿ ಅದನ್ನು ಬ್ರಿಸ್ಬೇನ್ ಪ್ರದೇಶದ ನೀರುಗಳಿಗೂ ತಂದು ಬಿಟ್ಟರು. ಈ ಮೀನಿನ ವಂಶವಾಹಿ ವೈವಿಧ್ಯ ಬಹಳ ಕಡಿಮೆಯೆಂಬ ಎಚ್ಚರಿಕೆ 2001ರಲ್ಲಿ ಬಂದಿತು. 2003ರಲ್ಲಿ ಅದನ್ನು ರಾಷ್ಟ್ರೀಯ ಕಾನೂನಿನ ಅಡಿಯಲ್ಲಿ ಅಪಾಯಕ್ಕೊಳಗಾಗಬಲ್ಲ ಪ್ರಭೇದವೆಂದು ಪಟ್ಟಿ ಮಾಡಲಾಯಿತು. ಮೇರಿ ನದಿಗೆ ಟ್ರಾವೆಸ್ಟನ್‌ನಲ್ಲಿ ಕಟ್ಟಬೇಕೆಂದಿದ್ದ ಅಣೆಕಟ್ಟನ್ನು 2009ರಲ್ಲಿ ಕೇಂದ್ರ ಪರಿಸರ ಸಚಿವ ಪೀಟರ್ ಗ್ಯಾರೆಟ್ ತಡೆದದ್ದಕ್ಕೆ ಈ ಮೀನು, ಮೇರಿ ನದಿಯ ಕಾಡ್ ಮತ್ತು ಅಲ್ಲಿಯ ಆಮೆ ಕಾರಣವಾದವು.

ಅದೇ ಬರ್ನೆಟ್ ನದಿಯಲ್ಲಿ, ಬಂಡಬರ್ಗ್ ಬಳಿ, 1972ರಲ್ಲಿ ಮೀನುಗಳ ಮೈಮೇಲೆ ಕೆಂಪು ಹುಣ್ಣುಗಳು ಕಾಣಿಸಿಕೊಂಡವು. ಹಿಂದಿನ ವರ್ಷ ಜಪಾನಿನಲ್ಲಿ ಕಂಡಿದ್ದ ರೋಗವೇ ಅದು. ಶಿಲೀಂಧ್ರದಂತೆ ಕಾಣುವ ಅಫನೊಮೈಸಿಸ್ ಇನ್ವೇಡನ್ಸ್ ಎಂಬ ಜೀವಿ ಇದರ ಮೂಲ. ಆಗ್ನೇಯ ಏಷ್ಯಾವನ್ನು ಹಾಯ್ದು 1988ರಲ್ಲಿ ಅದು ಈಶಾನ್ಯ ಭಾರತ ಸೇರಿತು. ಮುಂದಿನ ಕೆಲವೇ ವರ್ಷಗಳಲ್ಲಿ ಕರ್ನಾಟಕ, ಕೇರಳಗಳ ಕೆರೆ ನದಿಗಳಲ್ಲಿ ಕೊರವ ಮೀನುಗಳು ಹುಣ್ಣಾಗಿ ತೇಲಿದವು, ಮೀನು ಕೊಳ್ಳುವವರಿಲ್ಲದೆ ಬೆಸ್ತರ ಸಂಪಾದನೆ ನಿಂತಿತು. ನಾನಾ ದೇಶಗಳಿಂದ ಸಂಗ್ರಹಿಸಿದ ಈ ರೋಗಾಣುವಿನ ಮಾದರಿಗಳು ಒಂದೇ ತದ್ರೂಪಿ ವಂಶದವು ಎನ್ನುವಷ್ಟು ಸಮಾನವಾಗಿದ್ದವು. ಒಂದೇ ಬಗೆಯ ರೋಗಾಣು, ನೂರು ಬಗೆಯ ಮೀನು. ಅವುಗಳಲ್ಲಿ ಕೊರವ ಸತ್ತಿತು, ಸಾಮಾನ್ಯ ಗೆಂಡೆ ಮತ್ತು ಟಿಲಾಪಿಯಾ ತಡೆದುಕೊಂಡವು. ಇಂಥ ಇನ್ನೊಂದು ರೋಗ ನಾಳೆ ಕಾವೇರಿಗೆ ಬರಲಾರದು ಎನ್ನಲು ಯಾವ ಆಧಾರವೂ ಇಲ್ಲ.

ಕಾವೇರಿಯಲ್ಲಿ ಆ ದಿನಕ್ಕೆ ಅತ್ಯಂತ ದುರ್ಬಲವಾಗಿ ನಿಂತಿರುವುದು ಡುಬ್ಬದ ಮಹಶೀರ್. ಬೇರೆಲ್ಲಿಯೂ ಇಲ್ಲದ, ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ 54 ಕಿಲೋ ತೂಗಿತ್ತು. ಇಷ್ಟು ಪ್ರಸಿದ್ಧವಾದ ಮೀನಿಗೆ ಶಾಸ್ತ್ರೀಯವಾಗಿ ಹೆಸರು ನಿಶ್ಚಿತವಾದದ್ದು 2018ರಲ್ಲಿ: ಅಮರಾವತಿಯ ಮೂಲಕ ಕಾವೇರಿ ಸೇರುವ, ಕೇರಳದ ಪಾಂಬಾರ್ ತೊರೆಯಿಂದ ಮೊದಲು ವಿವರಿಸಲಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು ತಿಳಿಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅದನ್ನು ತೀವ್ರ ಅಳಿವಿನಂಚಿನ ಪ್ರಭೇದವೆಂದು ಸಾರಿತು.

ಅಣೆಕಟ್ಟು, ಸಿಡಿಮದ್ದಿನ ಮೀನುಗಾರಿಕೆ, ಮರಳುಗಾರಿಕೆಗಳ ಜೊತೆಗೆ ಈ ಮೀನಿಗೆ ಕುತ್ತಾದದ್ದು ಸದುದ್ದೇಶದ ಒಂದು ಕಾರ್ಯ. 1970ರ ದಶಕದಿಂದ ಲೋನಾವಳದ ಟಾಟಾ ಸಂಸ್ಥೆಯ ಕೇಂದ್ರದಲ್ಲಿ ಮರಿ ಮಾಡಿಸಿದ ನೀಲಿರೆಕ್ಕೆಯ ಮಹಶೀರ್, ಎಂದರೆ ಪುಣೆಯ ಕಡೆಯ ನದಿಗಳಿಂದ ವರ್ಣಿತವಾದ ಟಾರ್ ಖುದ್ರೀ, ದೇಶದ ನಾನಾ ನದಿಗಳಿಗೆ ಹೋಯಿತು, ಕಾವೇರಿಗೂ ಬಂದಿತು. ಗಾಲಿಬೋರೆಯ ಗಾಳಗಾರರ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಿನಚರಿಗಳನ್ನು ವಿಶ್ಲೇಷಿಸಿದಾಗ ನೀಲಿರೆಕ್ಕೆಯದು ಏರುತ್ತ, ಡುಬ್ಬದ್ದು ಇಳಿಯುತ್ತ ಹೋದದ್ದು ಕಂಡಿತು. ಸಿಕ್ಕ ಡುಬ್ಬದ ಮೀನುಗಳು ವರ್ಷದಿಂದ ವರ್ಷಕ್ಕೆ ದೊಡ್ಡವಾಗುತ್ತಿದ್ದವು. ಗಾಳಗಾರನಿಗೆ ಅದು ಸಂತೋಷ. ಆದರೆ ಅದರ ಅರ್ಥ ಮರಿಗಳು ಹುಟ್ಟಿ ಬೆಳೆಯುತ್ತಿಲ್ಲ, ಮುದಿ ಮೀನುಗಳು ಮಾತ್ರ ಉಳಿದಿವೆ ಎಂದು. ಲಂಗ್‌ಫಿಶ್‌ನಂತೆ ದೀರ್ಘಾಯುಷ್ಯದ ಮೀನುಗಳಲ್ಲಿ ಈ ಭ್ರಮೆ ಸಹಜ: ಮಕ್ಕಳಿಲ್ಲದ ಊರಿನಲ್ಲಿಯೂ ಹಿರಿಯರು ಇರುವತನಕ ಮನೆಗಳಲ್ಲಿ ದೀಪ ಉರಿಯುತ್ತಿರುತ್ತದೆ.

ಈಗ ಡುಬ್ಬದ ಮಹಶೀರನ್ನೂ ತೊಟ್ಟಿಯಲ್ಲಿ ಮರಿ ಮಾಡಿಸಬೇಕೆಂಬ ಮಾತು ಸಹಜವಾಗಿಯೇ ಬರುತ್ತದೆ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಎರಡೋ ಮೂರೋ ದೊಡ್ಡ ಹೆಣ್ಣುಗಳ ಮೊಟ್ಟೆಯಿಂದ ಲಕ್ಷ ಮರಿ ಪಡೆದು ಇಡೀ ನದಿಗೆ ಹಂಚಿದರೆ, ನದಿಯಲ್ಲಿ ಅಳಿದುಳಿದ ವೈವಿಧ್ಯವನ್ನು ಆ ಒಂದೆರಡು ಸಂಸಾರಗಳ ಮರಿಗಳೇ ಮುಳುಗಿಸಿಬಿಡುತ್ತವೆ. ಮಹಶೀರಿನಲ್ಲಿ ಎಂಎಚ್‌ಸಿ ಓದುವುದು ಸುಲಭವೂ ಅಲ್ಲ. ಅದರ ವರ್ಣತಂತುಗಳ ಸಂಖ್ಯೆ 100, ಗೆಂಡೆ ಕುಟುಂಬದ ಅನೇಕ ಮೀನುಗಳ ಇಮ್ಮಡಿ. ಹೀಗೆ ಇಮ್ಮಡಿಯಾದ ವಂಶವಾಹಿಗಳಲ್ಲಿ ಯಾವ ರೂಪಭೇದ ಯಾವ ಪ್ರತಿಗೆ ಸೇರಿದ್ದೆಂದು ಬಿಡಿಸುವುದು ತೊಡಕಿನ ಕೆಲಸ. ಆದ್ದರಿಂದ ಅದಕ್ಕಾಗಿ ಕಾಯುತ್ತ ಕೂರದೆ, ಹೆಚ್ಚು ಗಂಡುಹೆಣ್ಣುಗಳಿಂದ, ಪ್ರತಿ ಜೋಡಿಯಿಂದ ಸಮನಾದ ಸಂಖ್ಯೆಯ ಮರಿಗಳನ್ನು ಪಡೆಯುವ ಸರಳ ಕ್ರಮವನ್ನು ಪಾಲಿಸಿದರೆ ಎಂಎಚ್‌ಸಿಯೂ ಉಳಿದದ್ದೂ ಬಹುಮಟ್ಟಿಗೆ ತಾವಾಗಿಯೇ ಉಳಿಯುತ್ತವೆ. ಮೋಯಾರ್‌ನ ಮೀನನ್ನೂ ಕಾವೇರಿಯ ಮುಖ್ಯ ಹೊನಲಿನ ಮೀನನ್ನೂ ಬೆರೆಸಬೇಕೇ ಬೇಡವೇ ಎಂಬುದನ್ನು ಮ್ಯಾಕ್ವಾರಿ ಪರ್ಚ್‌ನ ಅನುಭವದ ಬೆಳಕಿನಲ್ಲಿ, ರೋಗಪರೀಕ್ಷೆಯೊಡನೆ ನಿರ್ಧರಿಸಬಹುದು. ನೀಲಿರೆಕ್ಕೆಯ ಮರಿಗಳನ್ನು ಕಾವೇರಿಗೆ ಬಿಡುವುದು ಮಾತ್ರ ಅದಕ್ಕೂ ಮೊದಲೇ ನಿಲ್ಲಬೇಕು.

ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನೆಂದು ಬಗೆದು ಬಲೆಯಿಂದ ದೂರವಿಟ್ಟ ಮಡುಗಳು ಇಂದಿಗೂ ಇವೆ. ಅಲ್ಲಿರುವ ಮೀನುಗಳು ಯಾವ ಪ್ರಭೇದದವು, ಯಾವ ವಂಶದವು ಎಂಬುದನ್ನು ತಿಳಿಯಲು ಮೀನನ್ನು ಕೊಲ್ಲಬೇಕಿಲ್ಲ. ರೆಕ್ಕೆಯ ಅಂಚಿನಿಂದ ಅಕ್ಕಿಕಾಳಿನಷ್ಟು ತುಣುಕನ್ನು ಕತ್ತರಿಸಿ, ಆಲ್ಕೋಹಾಲ್ ತುಂಬಿದ ಕಿರುಬೆರಳ ಗಾತ್ರದ ಸೀಸೆಯಲ್ಲಿಟ್ಟು, ಸ್ಥಳ ಮತ್ತು ದಿನಾಂಕ ಬರೆದರೆ ಸಾಕು. ರೆಕ್ಕೆ ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಸೀಸೆಯಲ್ಲಿರುವ ಡಿಎನ್‌ಎ ವರ್ಷಗಟ್ಟಲೆ ಉಳಿಯುತ್ತದೆ.